ಟೋಪಿ ಬಿಟ್ಟು ಎದ್ದುಹೋದ ಆರ್ಲೋ ಪ್ಲಂಕೆಟ್

ಲಾಸ್ ವೇಗಸ್ಸಿನಲ್ಲಿ ಬೇಲಿಯ ಈಚೆ ನಮ್ಮ ಮನೆ, ಆಚೆ ಆರ್ಲೋ ಪ್ಲಂಕೆಟ್ ಅವರದು. ಅವರ ಹಿತ್ತಲಿನ ಅಂಜೂರದ ಮರ ಹಣ್ಣು ಬಿಡುವ ಕಾಲಕ್ಕೆ ಮಾತ್ರ ನಮ್ಮ ಕಡೆ ವಾಲುತ್ತಿತ್ತು. ಅವರ ಹೆಂಡತಿ ನೋಲಾ ಅದಕ್ಕೆ ಬೇಜಾರು ಮಾಡಿಕೊಂಡವರಲ್ಲ. ಏನು ಕೆಲಸ ನಿಮ್ಮದು ಎಂದು ಬೀದಿಯವರು ಕೇಳಿದರೆ ಆರ್ಲೋ "ಓಡಾಟದ ಕೆಲಸ" ಎನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ಟೆಕ್ಸಾಸಿನವರು. ಮೀಸೆ ಚಿಗುರಿದಾಗಿನಿಂದ ಇಸ್ಪೀಟಾಡಿಯೇ ಹೊಟ್ಟೆ ಹೊರೆದವರು. ಎಣ್ಣೆ ಬಾವಿ ತೋಡುವ ಊರುಗಳಲ್ಲಿ, ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ, ಹತ್ತಿಯ ಗೋದಾಮಿನಲ್ಲಿ, ಎಲ್ಲಿ ನಾಲ್ಕು ಜನ ಪೋಕರ್‌ಗೆ ಕೂತಿದ್ದಾರೆಂದು ಸುದ್ದಿ ಬಂದರೂ ಕಾರು ಹತ್ತಿ ಹೊರಟುಬಿಡುತ್ತಿದ್ದರು. ಅಲ್ಲಿ ಜೂಜು ಕಾನೂನಿಗೆ ವಿರುದ್ಧ. ಮುಂಬಾಗಿಲಿನಿಂದ ಪೊಲೀಸರು ಬರುವ ಭಯ, ಹಿಂಬಾಗಿಲಿನಿಂದ ದರೋಡೆಕೋರರು ಬರುವ ಭಯ. ಒಮ್ಮೆ ಇಬ್ಬರೂ ಒಟ್ಟಿಗೇ ನುಗ್ಗಿ, ಯಾರು ಯಾರೆಂದು ತಿಳಿಯದೆ ಒಬ್ಬರಿಗೊಬ್ಬರು ಕೈ ಮೇಲೆತ್ತಿ ನಿಂತುಬಿಟ್ಟರಂತೆ. ಆರ್ಲೋ ಕಿಟಕಿ ಹಾರಿ ಮನೆಗೆ ಬಂದು ಊಟ ಮಾಡಿದರಂತೆ.

ನೋಲಾ ಆರ್ಲೋರನ್ನು ಮದುವೆಯಾದದ್ದು ಒಂದೇ ಒಂದು ಕರಾರಿನ ಮೇಲೆ. "ಆಡ್ಬೇಡ ಅಂತ ನಾನು ಹೇಳಲ್ಲ. ಗೆದ್ದಾಗ ಎದ್ದು ಬಾ. ಒಂದ್ಸಲ ಎದ್ದ ಮೇಲೆ ಅದೇ ಆಟಕ್ಕೆ ತಿರುಗಿ ಕೂರ್ಬೇಡ. ಅಷ್ಟೇ." ಆರ್ಲೋ ಅದನ್ನು ಬೈಬಲ್ಲಿನ ಮಾತಿನ ಹಾಗೆ ಪಾಲಿಸಿದರು. ಜೊತೆಗಾರರೆಲ್ಲ ಗೆದ್ದದ್ದನ್ನು ಅದೇ ಮೇಜಿನ ಮೇಲೆ ಕಳೆದುಕೊಂಡು ಬರಿಗೈಯಲ್ಲಿ ಹೋದರೆ, ಇವರು ಜೇಬು ತುಸು ದಪ್ಪಗಾದೊಡನೆ ಟೋಪಿ ಎತ್ತಿ ನಮಸ್ಕಾರ ಹೇಳಿ ಹೊರಡುತ್ತಿದ್ದರು. ದೊಡ್ಡ ಆಟಗಾರನೆಂದು ಯಾರೂ ಹೊಗಳಲಿಲ್ಲ. ಬಾಡಿಗೆ ಮಾತ್ರ ಯಾವ ತಿಂಗಳೂ ತಪ್ಪಲಿಲ್ಲ.

ಟೆಕ್ಸಾಸಿನಲ್ಲಿ ಪೊಲೀಸರ ಕಾಟ ಮಿತಿಮೀರಿದಾಗ ಗಂಡ ಹೆಂಡತಿ ವೇಗಸ್ಸಿಗೆ ಬಂದರು. ಇಲ್ಲಿ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ ಎನ್ನುವುದೇ ಆರ್ಲೋಗೆ ಮೊದಲ ಗೊಂದಲ. ಮೊದಲ ವಾರ ಪೊಲೀಸಿನವನೊಬ್ಬ ಪಕ್ಕದ ಕುರ್ಚಿಯಲ್ಲಿ ಕೂತು ಬಾಜಿ ಕಟ್ಟಿದಾಗ ಇವರು ಕಿಟಕಿ ಹುಡುಕಿದರಂತೆ. ಕ್ಯಾಸಿನೊಗಳಿಗೆ ಕಿಟಕಿ ಎಲ್ಲಿ!

ನಾನು ಮಾರ್ಲೀನ್. ಫ್ರೀಮಾಂಟ್ ಬೀದಿಯ ಸಿಲ್ವರ್ ಸ್ಪರ್ ಕ್ಯಾಸಿನೊದಲ್ಲಿ ಪೋಕರ್ ಮೇಜಿಗೆ ಇಸ್ಪೀಟೆಲೆ ಹಂಚುತ್ತಿದ್ದೆ. ಹೆಂಗಸರನ್ನು ಆ ಕೆಲಸಕ್ಕೆ ತೆಗೆದುಕೊಳ್ಳಲು ಶುರುಮಾಡಿ ಹೆಚ್ಚು ಕಾಲವಾಗಿರಲಿಲ್ಲ. ಓಕ್ಲಹೋಮದ ಡೆವಿಟ್ ಸ್ಟಾಗ್ಸ್ ಎಂಬ ಜೂಜುಗಾರನಿದ್ದ. ಭುಜ ಎತ್ತಿನದು, ಬಾಯಿ ಕಹಳೆಯದು. ನಾನು ಕೂತೊಡನೆ "ಲಂಗದವಳು ಹಂಚಿದ ಎಲೆ ಏಳ್ಗೆ ಕಾಣಲ್ಲ" ಎಂದು ಗೊಣಗುತ್ತಿದ್ದ. ಆರ್ಲೋ ಮಾತ್ರ ಎಲೆ ಕೈಗೆ ಬಂದಾಗಲೆಲ್ಲ "ಥ್ಯಾಂಕ್ಸ್ ಮಗಳೇ" ಎನ್ನುತ್ತಿದ್ದರು, ಕೆಟ್ಟ ಎಲೆ ಬಂದರೂ.

ಎಪ್ಪತ್ತರ ದಶಕದ ನಡುವೆ ಒಂದು ಮೇ ತಿಂಗಳಲ್ಲಿ ನಮ್ಮ ಕ್ಯಾಸಿನೊದವರೂ ಪೋಕರ್ ಪಂದ್ಯ ಇಡಲು ಹೊರಟರು. ಊರಲ್ಲಿ ಅದು ಆಗಷ್ಟೇ ಕಣ್ಣು ಬಿಡುತ್ತಿದ್ದ ಸಂಗತಿ. ಹಳೇ ಜೂಜುಗಾರರಿಗೆ ಅದರ ತಲೆಬುಡ ತಿಳಿಯದು. ನಮ್ಮ ಮೇಲ್ವಿಚಾರಕ ಗಸ್, ತೆಳ್ಳಗಿನ ಗ್ರೀಕ್ ಮನುಷ್ಯ, ಎಲ್ಲರನ್ನೂ ನಿಲ್ಲಿಸಿಕೊಂಡು ವಿವರಿಸಿದ.

"ಎಲ್ರೂ ಒಂದೇ ಸಮ ದುಡ್ಡು ಕಟ್ತೀರಿ. ಎಲ್ರಿಗೂ ಒಂದೇ ಸಮ ಬಿಲ್ಲೆ ಕೊಡ್ತೀವಿ. ಬಿಲ್ಲೆ ಖಾಲಿಯಾದವ್ನು ಆಚೆ. ಅಷ್ಟೂ ಬಿಲ್ಲೆ ಒಬ್ಬನ ಮುಂದೆ ಬರೋ ತನಕ ಆಟ. ಅವನೇ ಚಾಂಪಿಯನ್. ಕಟ್ಟಿದ ದುಡ್ಡೆಲ್ಲಾ ಅವನದ್ದೇ."

"ಮಧ್ಯದಲ್ಲಿ ಮನೆಗೆ ಹೋಗ್ಬೇಕು ಅನ್ಸಿದ್ರೆ?" ಆರ್ಲೋ ಕೇಳಿದರು.

"ಸೋತ್ರೆ ಹೋಗ್ಬಹುದು."

"ಗೆದ್ರೆ?"

"ಗೆದ್ರೆ ಕೂತಿರ್ಬೇಕು."

ಆರ್ಲೋ ಚೆನ್ನಾಗಿ ನಕ್ಕರು. ಗಸ್ ತಮಾಷೆ ಮಾಡುತ್ತಿದ್ದಾನೆ ಎಂದೇ ಅವರು ತಿಳಿದದ್ದು. ಹಳೇ ಸ್ನೇಹಿತರೆಲ್ಲ ಕೂಡುತ್ತಾರಲ್ಲ ಎಂದು ಹೆಸರು ಕೊಟ್ಟರು.

ಮೊದಲ ದಿನ ಚೆನ್ನಾಗಿಯೇ ಆಡಿದರು. ಎರಡನೆಯ ದಿನ ಬೆಳಗ್ಗೆ ಅವರ ಕೈಗೆ ಎಲೆಗಳು ಮಾತಾಡಿಕೊಂಡು ಬಂದ ಹಾಗೆ ಬಂದವು. ಊಟದ ಹೊತ್ತಿಗೆ ಅವರ ಮುಂದಿನ ಬಿಲ್ಲೆಗಳ ಗುಡ್ಡೆ ಉಳಿದವರೆಲ್ಲರದನ್ನೂ ಸೇರಿಸಿದರೂ ಅದಕ್ಕಿಂತ ದೊಡ್ಡದಿತ್ತು. ಆರ್ಲೋ ಅದನ್ನೊಮ್ಮೆ ನೋಡಿದರು, ಟೋಪಿ ತೆಗೆದರು, ಬಿಲ್ಲೆಗಳನ್ನೆಲ್ಲ ಅದರೊಳಗೆ ಬಾಚಿಕೊಂಡು "ಬರ್ತೀನಿ, ಒಳ್ಳೇ ಆಟ" ಎಂದು ಎದ್ದು, ಬಿಲ್ಲೆ ಕೊಟ್ಟು ಹಣ ಪಡೆಯುವ ಗಲ್ಲಾ ಕಿಟಕಿಯ ಕಡೆ ನಡೆದರು.

ಕಿಟಕಿಯ ಹುಡುಗಿ ಟೋಪಿಯೊಳಗೆ ಇಣುಕಿ ಗಸ್‌ನನ್ನು ಕೂಗಿದಳು. ಗಸ್ ಓಡಿಬಂದ.

"ಮಿಸ್ಟರ್ ಪ್ಲಂಕೆಟ್, ಇವಕ್ಕೆ ದುಡ್ಡು ಕೊಡೋಕಾಗಲ್ಲ. ಇವು ದುಡ್ಡಲ್ಲ."

"ಇದರ ಮೇಲೆ ಐನೂರು ಅಂತ ಇದೆ."

"ಇದೆ. ಆದ್ರೆ ಅದು ಐನೂರಲ್ಲ."

"ಇವು ನಂದೇ ತಾನೆ?"

"ನಿಮ್ದೇ."

"ಮತ್ತೆ ಮನೆಗೆ ತಗೊಂಡ್ಹೋಗ್ಲಾ?"

"ಹಾಗಾಗಲ್ಲ."

ಆರ್ಲೋ ಟೋಪಿಯೊಳಗಿನ ಬಿಲ್ಲೆಗಳನ್ನು ಬೆರಳಿನಿಂದ ಕೆದಕಿದರು. "ಹಾಗಾದ್ರೆ ನಿನ್ನೆಯಿಂದ ನಾನು ಗೆದ್ದಿದ್ದೇನು, ಗಸ್?"

"ಇನ್ನೂ ಸೋತಿಲ್ಲ ಅನ್ನೋದನ್ನ" ಎಂದ ಗಸ್. ಅವನಿಗೂ ತಾನು ಹೇಳಿದ್ದು ಸರಿಯೋ ಅಲ್ಲವೋ ಗೊತ್ತಾದಂತೆ ಕಾಣಲಿಲ್ಲ.

ಆರ್ಲೋಗೆ ಸಿಟ್ಟು ಬರಲಿಲ್ಲ. ಟೆಕ್ಸಾಸಿನಲ್ಲಿ ಪಿಸ್ತೂಲು ತೋರಿಸಿ ಕಿತ್ತುಕೊಂಡವರನ್ನು ಕಂಡಿದ್ದರು, ಗುರುತು ಹಾಕಿದ ಎಲೆಯಿಂದ ಮೋಸ ಮಾಡಿದವರನ್ನು ಕಂಡಿದ್ದರು. ಇಷ್ಟು ಮರ್ಯಾದೆಯಿಂದ, ಕಾಫಿ ಕೊಟ್ಟು, ಹೆಸರಿಗೆ ಮಿಸ್ಟರ್ ಸೇರಿಸಿ ಗೆದ್ದದ್ದನ್ನು ಇಟ್ಟುಕೊಂಡವರನ್ನು ಕಂಡಿರಲಿಲ್ಲ. ಟೋಪಿಯನ್ನು ಬಿಲ್ಲೆಗಳ ಸಮೇತ ತಂದು ತಮ್ಮ ಕುರ್ಚಿಯ ಮೇಲಿಟ್ಟು, ಬರಿದಲೆಯಲ್ಲಿ ಬಿಸಿಲಿಗಿಳಿದು ಹೊರಟುಹೋದರು.

ಆಟದವರು ಗಸ್‌ನನ್ನು ಮುತ್ತಿಕೊಂಡರು. ಆ ಬಿಲ್ಲೆಗಳನ್ನು ಹಂಚಿಕೊಳ್ಳೋಣ ಎಂದ ಒಬ್ಬ. ಹಾಗೆ ಮಾಡಿದರೆ ಆರ್ಲೋ ಸೋಲದೆ ಸೋತ ಹಾಗಾಯಿತು, ಅದು ಹೇಗೆ ಎಂದ ಇನ್ನೊಬ್ಬ. ಗೆದ್ದವನು ಎದ್ದು ಹೋದರೆ ಏನು ಮಾಡಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ, ಯಾಕೆಂದರೆ ಹಾಗೆ ಯಾರಾದರೂ ಮಾಡಿಯಾರೆಂದು ಯಾರಿಗೂ ಹೊಳೆದಿರಲಿಲ್ಲ. ಗಸ್ ಹಣೆ ಒರೆಸಿಕೊಂಡು ತೀರ್ಪು ಕೊಟ್ಟ: ಬಿಲ್ಲೆಗಳನ್ನು ಟೋಪಿಯಿಂದ ತೆಗೆದು ಮೇಜಿನ ಮೇಲೆ ಜೋಡಿಸಬೇಕು. ಆ ಕುರ್ಚಿಗೂ ಎಲೆ ಹಂಚಬೇಕು. ಎಲೆ ನೋಡುವ ಮೊದಲೇ ಸರದಿಯ ಪ್ರಕಾರ ಪ್ರತಿಯೊಬ್ಬರೂ ಇಡಬೇಕಾದ ಬಾಜಿಯಲ್ಲಿ ಆರ್ಲೋ ಪಾಲಿನದನ್ನು ಆ ಗುಡ್ಡೆಯಿಂದಲೇ ತೆಗೆದಿಡಬೇಕು. ಸರದಿ ಬಂದಾಗ ಎಲೆಗಳನ್ನು ಮಗುಚಿ ಬಿಟ್ಟುಕೊಡಬೇಕು.

ಟೋಪಿ ಕುರ್ಚಿಯ ಮೇಲೇ ಉಳಿಯಿತು. ನಾನು ಟೋಪಿಗೆ ಎಲೆ ಹಂಚತೊಡಗಿದೆ. ಅಭ್ಯಾಸಬಲದಿಂದ ಮೊದಲ ಸಲ "ನಿಮ್ಮ ಸರದಿ, ಮಿಸ್ಟರ್ ಪ್ಲಂಕೆಟ್" ಎಂದುಬಿಟ್ಟೆ. ಯಾರೂ ನಗಲಿಲ್ಲ.

ಆಮೇಲೆ ನಡೆದದ್ದು ನನಗೆ ಇವತ್ತಿಗೂ ಸರಿಯಾಗಿ ಬಗೆಹರಿದಿಲ್ಲ. ಏನೂ ಮಾಡದ ಆ ಕುರ್ಚಿ ಉಳಿದವರ ತಲೆ ಕೆಡಿಸಿತು. ಎಲ್ಲರಿಗೂ ಅದರ ಗುಡ್ಡೆಯ ಮೇಲೆ ಕಣ್ಣು. ಅದು ಇಟ್ಟ ಬಾಜಿಯನ್ನು ಬಾಚಲು ಒಬ್ಬ ಕೈ ಹಾಕಿದರೆ, ಇವನ ಹತ್ತಿರ ಏನೂ ಇಲ್ಲ, ಟೋಪಿಯದ್ದನ್ನು ಕದಿಯಲು ಬಂದಿದ್ದಾನೆ ಎಂದುಕೊಂಡು ಇನ್ನೊಬ್ಬ ಮೇಲೆ ಬೀಳುತ್ತಿದ್ದ. ಒಬ್ಬರ ಕುತ್ತಿಗೆಯನ್ನು ಒಬ್ಬರು ಹಿಚುಕಿಕೊಂಡು ಒಬ್ಬೊಬ್ಬರೇ ಆಚೆ ಹೋದರು. ಟೋಪಿಯ ಗುಡ್ಡೆ ಐಸ್‌ಕ್ರೀಮಿನ ಹಾಗೆ ಬದಿಯಿಂದ ಕರಗುತ್ತಿತ್ತು, ಆದರೆ ಕುರ್ಚಿ ಮಾತ್ರ ಜಗ್ಗಲಿಲ್ಲ.

ಕೊನೆಗೆ ಮೇಜಿನಲ್ಲಿ ಉಳಿದವರು ಇಬ್ಬರು. ಡೆವಿಟ್ ಸ್ಟಾಗ್ಸ್ ಮತ್ತು ಟೋಪಿ.

ಸುತ್ತ ಜನ ಸೇರಿದರು. ಪತ್ರಿಕೆಯವರೂ ಬಂದರು. ಸ್ಟಾಗ್ಸ್ ಸುಮ್ಮನೆ ಕೂತಿದ್ದರೆ ಸಾಕಿತ್ತು. ಪ್ರತಿ ಸಲವೂ ಟೋಪಿ ಬಿಟ್ಟುಕೊಡುತ್ತಿತ್ತು, ಸಂಜೆಯೊಳಗೆ ಅಷ್ಟೂ ಬಿಲ್ಲೆ ಅವನದಾಗುತ್ತಿತ್ತು. ಆದರೆ ಫೋಟೋ ತೆಗೆಯುವವನು ಬಗ್ಗಿ ಟೋಪಿಯನ್ನೂ ಅವನನ್ನೂ ಒಂದೇ ಚೌಕಟ್ಟಿಗೆ ಸೇರಿಸಲು ನೋಡಿದಾಗ ಅವನು ಧಡಕ್ಕನೆ ಎದ್ದ.

"ಟೋಪಿ ಜೊತೆ ಆಡಿ ಗೆದ್ದ ಅಂತ ಹಾಕ್ತೀರಾ? ನಮ್ಮೂರು ಟಲ್ಸಾದಲ್ಲಿ ನಮ್ಮಮ್ಮ ಇನ್ನೂ ಬದುಕಿದ್ದಾಳೆ, ಪೇಪರ್ ಓದ್ತಾಳೆ ಕಣ್ರೋ! ಗಸ್, ಏನು, ನನಗೇ ಟೋಪಿ ಹಾಕೋಕೆ ನೋಡ್ತೀಯಾ? ಆ ಮನುಷ್ಯನ್ನ ಕರೆಸು."

"ಬರೋಕೆ ಇಷ್ಟ ಇಲ್ಲ ಅಂದ್ರೆ?"

"ಕರೆಸು ಅಂದೆ!"

ಪಕ್ಕದ ಮನೆಯವಳೆಂದು ನನ್ನನ್ನೇ ಕಳಿಸಿದರು. ಹೋಗಿ ನೋಡಿದರೆ ಆರ್ಲೋ ಮನೆಯ ಚಾವಣಿಯ ಮೇಲೆ ಕೂಲರಿನ ಹೊಟ್ಟೆಗೆ ಕೈ ಹಾಕಿಕೊಂಡು ಕೂತಿದ್ದರು. ನೋಲಾ ಕೆಳಗೆ ಏಣಿ ಹಿಡಿದಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಾನು ಎದ್ದು ಬಂದಾಯ್ತಲ್ಲ ಮಗಳೇ" ಎಂದರು ಮೇಲಿನಿಂದ.

"ನೀವು ಬಂದ್ರೂ ನಿಮ್ಮ ಆಟ ಮುಗಿದಿಲ್ವಂತೆ. ಉಳಿದಿರೋ ಇಬ್ಬರಲ್ಲಿ ನೀವೂ ಒಬ್ರು."

"ಇಲ್ಲಿ ಕೂತ್ಕೊಂಡಾ?"

"ಹೂಂ."

ಅವರು ನೋಲಾ ಕಡೆ ನೋಡಿದರು. ನೋಲಾ ತಲೆ ಅಲ್ಲಾಡಿಸಿದರು. "ಎದ್ದ ಆಟಕ್ಕೆ ತಿರುಗಿ ಕೂರೋ ಹಾಗಿಲ್ಲ. ಅದು ನಮ್ಮನೆ ಪದ್ಧತಿ." ಆಮೇಲೆ ಕೇಳಿದರು, "ಆರ್ಲೋ, ನೀನು ಗೆದ್ದು ಎದ್ದು ಬಂದ್ಯೋ, ಸೋತು ಎದ್ದು ಬಂದ್ಯೋ?"

"ನನಗೇ ಗೊತ್ತಾಗ್ತಿಲ್ಲ, ನೋಲಾ. ಅದನ್ನೇ ಯೋಚಿಸ್ತಾ ಕೂಲರ್ ಬಿಚ್ಚಿದೆ. ಈಗ ಜೋಡಿಸೋಕೆ ಬರ್ತಿಲ್ಲ."

"ಟೋಪಿ ಎಲ್ಲಿ?"

ಆರ್ಲೋ ತಲೆ ಮುಟ್ಟಿಕೊಂಡರು. ನೋಲಾ ಅವರ ತಮ್ಮ ಸಾಯುವ ಮುಂಚೆ ಕೊಡಿಸಿದ ಟೋಪಿ ಅದು. "ಹೋಗಿ ಅದನ್ನ ತಗೊಂಡು ಬಾ" ಎಂದರು ನೋಲಾ. "ಟೋಪಿ ತರೋಕೆ ಹೋಗೋದಕ್ಕೂ ಆಟಕ್ಕೂ ಸಂಬಂಧ ಇಲ್ಲ."

ಹೀಗೆ ಆರ್ಲೋ ಒದ್ದೆ ಅಂಗಿಯಲ್ಲೇ ನನ್ನ ಕಾರಿನಲ್ಲಿ ಬಂದರು. ಜನ ದಾರಿ ಬಿಟ್ಟರು. ಅವರು ಸೀದಾ ಹೋಗಿ ಟೋಪಿ ಎತ್ತಿಕೊಂಡು ತಲೆಗಿಟ್ಟುಕೊಂಡು ಹೊರಡಲು ತಿರುಗಿದರು. ಸ್ಟಾಗ್ಸ್ ಅಡ್ಡ ನಿಂತ.

"ಕೂತ್ಕೋ ಮಾರಾಯ. ನಿನ್ನ ಟೋಪಿ ಎದುರು ಸೋಲೋಕೂ ನಾನು ತಯಾರಿಲ್ಲ, ಗೆಲ್ಲೋಕೂ ತಯಾರಿಲ್ಲ. ನನ್ನ ಮಾನ ಉಳಿಸು."

ಆರ್ಲೋ ಗಸ್ ಕಡೆ ತಿರುಗಿದರು. "ಗಸ್, ಸತ್ಯ ಹೇಳು. ಇದು ನಾನು ಎದ್ದುಹೋದ ಆಟಾನೇನಾ, ಇಲ್ಲಾ ಬೇರೆ ಆಟಾನಾ? ಆಗ ಅಷ್ಟೊಂದು ಜನ ಇದ್ರು. ಈಗ ಇವನೊಬ್ಬನೇ."

ಗಸ್ ಕಣ್ಣು ಮುಚ್ಚಿ ನಿಂತ. ಪಾಪ, ಆ ದಿನ ಅವನಿಗೆ ಸಾಕಾಗಿತ್ತು. "ಬೇರೆ ಆಟ ಅಂತ ಬೇಕಾದ್ರೆ ಅಂದ್ಕೊಳ್ಳಿ, ಮಿಸ್ಟರ್ ಪ್ಲಂಕೆಟ್."

"ಹಾಗಾದ್ರೆ ಸರಿ" ಎಂದು ಆರ್ಲೋ ಕೂತರು.

ಟೋಪಿಯ ಗುಡ್ಡೆ ಅಷ್ಟು ಕರಗಿದ್ದರೂ ಸ್ಟಾಗ್ಸನದಕ್ಕಿಂತ ಇನ್ನೂ ಒಂದು ಹಿಡಿ ಹೆಚ್ಚೇ ಇತ್ತು. ನಾನು ಇಬ್ಬರಿಗೂ ಎರಡೆರಡು ಎಲೆ ಹಂಚಿದೆ. ಸ್ಟಾಗ್ಸ್ ತನ್ನ ಎಲೆ ನೋಡಿ, ಇಡೀ ದಿನದ ಅವಮಾನವನ್ನೆಲ್ಲ ಸೇರಿಸಿ ತನ್ನ ಬಿಲ್ಲೆಗಳಷ್ಟನ್ನೂ ಮುಂದಕ್ಕೆ ತಳ್ಳಿದ. ಆರ್ಲೋ ತಮ್ಮ ಎಲೆಯ ಮೂಲೆ ಎತ್ತಿ ನೋಡಿದರು, ಸ್ಟಾಗ್ಸನ ಮುಖ ನೋಡಿದರು, "ಆಗ್ಲಿ" ಎಂದರು. ಎಲೆ ಮಗುಚಿದಾಗ ಸ್ಟಾಗ್ಸನದು ಎಕ್ಕ, ರಾಜ. ಆರ್ಲೋದು ಒಂಬತ್ತರ ಜೋಡಿ. ಮೇಜಿನ ನಡುವೆ ಇಬ್ಬರಿಗೂ ಸೇರಿದ ಐದು ಎಲೆಗಳನ್ನು ಒಂದೊಂದಾಗಿ ತಿರುಗಿಸಿದೆ. ಎಕ್ಕ ಬರಲಿಲ್ಲ, ರಾಜ ಬರಲಿಲ್ಲ. ಅವೆರಡರಲ್ಲಿ ಒಂದು ಬಂದರೆ ಮಾತ್ರ ಸ್ಟಾಗ್ಸ್ ಗೆಲ್ಲುತ್ತಿದ್ದ, ಇಲ್ಲವಾದರೆ ಜೋಡಿಯದೇ ಗೆಲುವು. ಕೊನೆಯ ಎಲೆ ಆಟೀನಿನ ನಾಲ್ಕು, ಯಾರಿಗೂ ಬೇಡದ ಎಲೆ.

ಜನ ಕೂಗಿದರು. ಸ್ಟಾಗ್ಸ್ ಆರ್ಲೋ ಕೈ ಹಿಡಿದು ಅಲುಗಾಡಿಸಿದ. ಆರ್ಲೋ ಮೆಲ್ಲಗೆ ಗಸ್‌ನನ್ನು ಕೇಳಿದರು. "ಈಗ ಏಳಬಹುದಾ?"

"ಈಗ ಏಳ್ಲೇಬೇಕು. ಆಡೋಕೆ ಯಾರೂ ಉಳಿದಿಲ್ಲ."

ಪತ್ರಿಕೆಯವರು ಕೇಳಿದ ಮೊದಲ ಪ್ರಶ್ನೆ, ಎದುರಾಳಿಗಳ ಮನಸ್ಸು ಕದಡಲು ಎದ್ದುಹೋಗುವ ಈ ತಂತ್ರ ನಿಮಗೆ ಹೇಗೆ ಹೊಳೆಯಿತು ಎಂದು. "ತಂತ್ರ ಏನಿಲ್ಲ, ಮನೇಲಿ ಕೂಲರ್ ಕೆಟ್ಟಿತ್ತು" ಎಂದರು ಆರ್ಲೋ. ಎಲ್ಲರೂ ಬಿದ್ದು ಬಿದ್ದು ನಕ್ಕು ಬರೆದುಕೊಂಡರು. ಮಾರನೆಯ ವರ್ಷದ ಪಂದ್ಯಕ್ಕೆ ಟೋಪಿ ಹಾಕದವರೂ ಟೋಪಿ ತಂದು, ಕುರ್ಚಿಯ ಮೇಲಿಟ್ಟು, ಎದ್ದು ಹೋಗಿ ಬಾರಿನಲ್ಲಿ ಕೂತರು. ಒಂದು ಮೇಜಿನಲ್ಲಂತೂ ನಾನೊಬ್ಬಳೇ ಮನುಷ್ಯಳು, ಉಳಿದವೆಲ್ಲ ಟೋಪಿಗಳು. ಅದರ ಮಾರನೆಯ ವರ್ಷ ಕುರ್ಚಿಯ ಮೇಲೆ ಟೋಪಿ ಇಡುವಂತಿಲ್ಲ ಎಂದು ಗಸ್ ನಿಯಮ ಮಾಡಿದ.

ಗೆಲುವಿನ ಹಣದಿಂದ ನೋಲಾ ಆ ಬಾಡಿಗೆ ಮನೆಯನ್ನೇ ಕೊಂಡರು, ಹೊಸ ಕೂಲರ್ ಹಾಕಿಸಿದರು. ಕಷ್ಟ ಶುರುವಾದದ್ದು ಆಮೇಲೆ. ಆರ್ಲೋ ಬದುಕಿದ್ದೇ ಅವರು ಯಾರೆಂದು ಯಾರಿಗೂ ಗೊತ್ತಿಲ್ಲದ್ದರಿಂದ. ಈಗ ಪತ್ರಿಕೆಗಳಲ್ಲಿ ಮುಖ ಬಂದಿತ್ತು, ಚಾಂಪಿಯನ್ ಎಂದು. ಊರಿನ ಯಾವ ಮೇಜಿನ ಹತ್ತಿರ ಹೋದರೂ ಅನುಭವಸ್ಥರು ತಮ್ಮ ಬಿಲ್ಲೆ ಎತ್ತಿಕೊಳ್ಳುತ್ತಿದ್ದರು. ಹೊರಗಿನ ಊರಾದರೆ ಸರಿ ಎಂದು ಅರಿಜೋನಾದ ಕಿಂಗ್‌ಮನ್‌ಗೆ ಬೇರೆ ಹೆಸರು ಹೇಳಿಕೊಂಡು ಹೋದರು. ಒಂದು ಸುತ್ತು ಆಡುವಷ್ಟರಲ್ಲಿ ಕ್ಷೌರಿಕನೊಬ್ಬ ಗುರುತು ಹಿಡಿದ. ಇಡೀ ಮೇಜಿನವರು ಎದ್ದು ನಿಂತರು, ಸರದಿಯಲ್ಲಿ ಬಂದು ಕೈ ಕುಲುಕಿದರು, ಬೀರು ಕೊಡಿಸಿದರು. ಮತ್ತೆ ಕೂರಲು ಮಾತ್ರ ಯಾರೂ ಒಪ್ಪಲಿಲ್ಲ.

"ಎಲ್ರೂ ತುಂಬಾ ಒಳ್ಳೆಯವರು" ಎಂದು ಬಂದು ಹೇಳಿದರು, ನಮ್ಮ ಅಡುಗೆಮನೆಯಲ್ಲಿ ಕೂತು. "ಯಾರೂ ಬೈಲಿಲ್ಲ. ಯಾರೂ ಬಂದೂಕು ತೆಗೀಲಿಲ್ಲ. ಆದ್ರೆ ಮಾರ್ಲಿ, ಸೋತೋನನ್ನ ಆಟದಿಂದ ಆಚೆ ಹಾಕ್ತಾರೆ. ನಾನು ಗೆದ್ದೆ, ನನ್ನನ್ನೂ ಹಾಕಿದ್ರು. ಇದೆಂಥದು?"

ಕಾಫಿ ಬಗ್ಗಿಸಿ ಕೊಟ್ಟೆ.

ಕೊನೆಗೆ ಸಿಲ್ವರ್ ಸ್ಪರ್‌ನವರೇ ಕರೆದು ಕೆಲಸ ಕೊಟ್ಟರು. ಪೋಕರ್ ಕೋಣೆಯ ಬಾಗಿಲಲ್ಲಿ ಕೂತು ಬಂದವರ ಕೈ ಕುಲುಕುವುದು, ಕೇಳಿದರೆ ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳುವುದು. ಆಡುವಂತಿಲ್ಲ. "ಆಡದೆ ಇರೋದಕ್ಕೆ ಸಂಬಳ" ಎಂದು ನೋಲಾ ಆಶ್ಚರ್ಯಪಟ್ಟರು. ಸಂಬಳದ ಬದುಕಿಗೆ ಆರ್ಲೋ ಹೊಂದಿಕೊಳ್ಳಲು ವರ್ಷಗಳೇ ಹಿಡಿದವು. ಪ್ರತಿ ಶುಕ್ರವಾರ ಹಣ ಕೈಗೆ ಬಂದಾಗ, ಸೋತವನು ಯಾರು ಎಂದು ನೋಡುವ ಹಾಗೆ ಸುತ್ತ ಕಣ್ಣಾಡಿಸುತ್ತಿದ್ದರು.

ಆ ಬಾಗಿಲಲ್ಲಿ ಕೂತೇ ಪಂದ್ಯಗಳು ಬೆಳೆದದ್ದನ್ನು ಅವರು ನೋಡಿದರು. ದೊಡ್ಡ ಪಂದ್ಯಕ್ಕೆ ಕಟ್ಟಲು ಹಣವಿಲ್ಲದವರಿಗೆಂದು ಚಿಕ್ಕ ಪಂದ್ಯಗಳು ಬಂದವು. ಅದರಲ್ಲಿ ಗೆದ್ದವನಿಗೆ ಹಣವಿಲ್ಲ, ದೊಡ್ಡದರಲ್ಲಿ ಒಂದು ಕುರ್ಚಿ. "ಗೆದ್ರೆ ಇನ್ನಷ್ಟು ಆಡೋಕೆ ಬಿಡ್ತಾರೆ. ಅದೇ ಬಹುಮಾನ" ಎಂದು ಆರ್ಲೋ ಬಂದು ನೋಲಾಗೆ ವಿವರಿಸಿದರು. ನೋಲಾ ಎರಡು ಸಲ ಹೇಳಿಸಿಕೊಂಡು, ಎದ್ದು ಬಟ್ಟೆ ಮಡಚಲು ಹೋದರು. ಮುಂದೆ ಹೊಸ ಶತಮಾನ ಬಂದಾಗ, ಮೇಜಿನಂಚಿನಲ್ಲಿ ಕ್ಯಾಮೆರಾ ಕೂರಿಸಿ ಆಟಗಾರರು ಮುಚ್ಚಿ ಹಿಡಿದ ಎಲೆಗಳನ್ನು ಟೀವಿಯಲ್ಲಿ ದೇಶಕ್ಕೆಲ್ಲ ತೋರಿಸತೊಡಗಿದರು. ಕಂಪ್ಯೂಟರಿನಲ್ಲಿ ಆಟ ಕಲಿತ, ಕಪ್ಪು ಕನ್ನಡಕದ ಹುಡುಗರು ಸಾವಿರಗಟ್ಟಲೆ ಬಂದರು. ಎದುರು ಕೂತವನ ಮುಖವನ್ನೇ ನೋಡದೆ ಇವರು ಏನು ನೋಡಿ ಆಡುತ್ತಾರೆ ಎಂದು ಆರ್ಲೋ ನನ್ನನ್ನು ಕೇಳಿದರು. ಅಷ್ಟು ಹೊತ್ತಿಗೆ ನಾನು ಎಲೆ ಹಂಚುವುದನ್ನು ಬಿಟ್ಟಿದ್ದೆ, ಕೈಗೆ ಕೀಲುನೋವು ಬಂದಿತ್ತು.

ಡೆವಿಟ್ ಸ್ಟಾಗ್ಸ್ ಮುದುಕನಾಗಿ, ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡು, ವೇಗಸ್ಸಿನಲ್ಲೇ ಇದ್ದ ಮಗಳ ಮನೆಗೆ ಬಂದು ಸೇರಿದ. ಅವಳು ಕೆಲಸಕ್ಕೆ ಹೋಗುವಾಗ ಅವನನ್ನು ಪ್ಲಂಕೆಟ್ ಅವರ ಗ್ಯಾರೇಜಿನಲ್ಲಿ ಇಳಿಸಿ ಹೋಗುತ್ತಿದ್ದಳು. ಇಬ್ಬರೂ ಫ್ಯಾನ್ ಹಾಕಿಕೊಂಡು ಡಾಮಿನೊ ಆಡುತ್ತಿದ್ದರು, ಬಾಜಿ ಏನೂ ಇಲ್ಲದೆ. ನೋಲಾ ಮಧ್ಯಾಹ್ನ ಹುರುಳಿಕಾಯಿ, ಜೋಳದ ರೊಟ್ಟಿ ಕೊಟ್ಟರೆ ಸ್ಟಾಗ್ಸ್ ಉಪ್ಪು ಕಮ್ಮಿ ಎಂದು ಬೈದು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದ.

ಅವನ ನೆನಪು ನಿಧಾನವಾಗಿ ಜಾರತೊಡಗಿತ್ತು. ಆ ಪಂದ್ಯದ ಮಾತು ಬಂದಾಗ ಮೊದಮೊದಲು "ನಾನೇ ಇವನನ್ನ ಕರೆಸಿದ್ದು, ಇಲ್ಲಾಂದ್ರೆ ಸಂಜೆಯೊಳಗೆ ನಂದೇ ಆಗ್ತಿತ್ತು" ಎನ್ನುತ್ತಿದ್ದ. ಆಮೇಲೆ "ನಂದೇ ಆಗಿತ್ತು" ಎನ್ನತೊಡಗಿದ. ಒಂದು ದಿನ ನಾನು ಹೋದಾಗ, ಮೊಮ್ಮಗಳಿಗೆ ತಾನು ಚಾಂಪಿಯನ್ ಆದ ಕತೆಯನ್ನು ಎಕ್ಕ ರಾಜದ ಸಮೇತ ಹೇಳುತ್ತಿದ್ದ. ಅವನ ಕತೆಯಲ್ಲಿ ಕೊನೆಯ ಎಲೆ ರಾಜ. ಆರ್ಲೋ ಎದುರಿಗೇ ಕೂತು ಹೌದೆಂಬಂತೆ ತಲೆದೂಗುತ್ತಿದ್ದರು.

ಆಮೇಲೆ ನನ್ನನ್ನು ಗ್ಯಾರೇಜಿನ ಹೊರಗೆ ಕರೆದರು. ಕಣ್ಣಿನಲ್ಲಿ ನಿಜವಾದ ಅನುಮಾನ ಇತ್ತು.

"ಮಾರ್ಲಿ, ಎಲೆ ಹಂಚಿದವಳು ನೀನು. ದಿನಾ ಕೇಳಿ ಕೇಳಿ ನನಗೇ ಗಲಿಬಿಲಿ ಆಗಿದೆ. ಅವತ್ತು ನಿಜವಾಗ್ಲೂ ಗೆದ್ದಿದ್ದು ಯಾರು?"

"ನೀವೇ, ಮಿಸ್ಟರ್ ಪ್ಲಂಕೆಟ್. ಕೊನೇ ಎಲೆ ಆಟೀನಿನ ನಾಲ್ಕು."

ಸಂತೋಷವಾಯಿತೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. "ಹೌದಾ" ಎಂದರು. "ಅವನ ಮುಂದೆ ಮಾತ್ರ ಹೇಳ್ಬೇಡ."

ಒಳಗಿನಿಂದ ಸ್ಟಾಗ್ಸ್ ಕೂಗಿದ. "ಎಲ್ಲಿ ಹೋದ್ಯೋ? ಯಾರ ಸರದಿ ಈಗ?"

"ನಿಂದೇ ಇರ್ಬೇಕು ಕಣೋ" ಎನ್ನುತ್ತ ಆರ್ಲೋ ಒಳಗೆ ಹೋದರು.